ಉತ್ಸವ ಯಾವಾಗ ಎಂದು ಕೇಳುವವರಿಗೆ ಏನು ಹೇಳಲಿ?

ಹಂಪಿ ಉತ್ಸವದ ದಿನಾಂಕ ಗೊತ್ತುಮಾಡುವ ಸಚಿವರಿಗೆ ಮತ್ತು ಅಧಿಕಾರಿಗಳಿಗೆ ನಮಸ್ಕಾರಗಳು.

ನಾನು ಕಮಲಾಪುರದವನು, ಹಂಪಿಯಲ್ಲಿ ಗೈಡ್. ಇಪ್ಪತ್ತೆರಡು ವರ್ಷಗಳಿಂದ ವಿರೂಪಾಕ್ಷನ ಗೋಪುರದ ಎದುರು ನಿಂತು ಪಾರ್ಟಿ ಹುಡುಕುತ್ತಿದ್ದೇನೆ. ಪ್ರವಾಸಿಗರ ಗುಂಪಿಗೆ ನಾವು ಇಲ್ಲಿ ಪಾರ್ಟಿ ಎನ್ನುತ್ತೇವೆ; ತಮಗೆ ಬೇರೆ ಅರ್ಥ ಹೊಳೆದೀತೆಂದು ಮೊದಲೇ ಹೇಳಿಬಿಟ್ಟೆ. ಕಲ್ಲಿನ ರಥದ ಚಕ್ರ ಹಿಂದೆ ತಿರುಗುತ್ತಿತ್ತೇ, ಸಂಗೀತದ ಕಂಬಗಳನ್ನು ಈಗ ಯಾಕೆ ಮುಟ್ಟಬಾರದು, ಉಗ್ರನರಸಿಂಹನ ತೊಡೆಯ ಮೇಲಿದ್ದ ಲಕ್ಷ್ಮಿ ಎಲ್ಲಿ ಹೋದಳು ಎಂದು ಜನ ಕೇಳುತ್ತಾರೆ. ಇವಕ್ಕೆಲ್ಲ ನನ್ನ ಹತ್ತಿರ ಉತ್ತರ ಉಂಟು. ಒಂದೇ ಒಂದು ಪ್ರಶ್ನೆಗೆ ಮಾತ್ರ ತಲೆ ಕೆರೆದುಕೊಳ್ಳುತ್ತೇನೆ. ಮುಂದಿನ ಉತ್ಸವ ಯಾವಾಗ?

ನನ್ನ ಚೀಲದಲ್ಲಿ ಒಂದು ನೋಟ್‌ಬುಕ್ ಇದೆ. ಒಮ್ಮೆ ಬಂದವರು ಮತ್ತೆ ಬರುತ್ತೇವೆ ಎಂದರೆ ಹೆಸರು, ಊರು, ಫೋನ್ ನಂಬರ್ ಬರೆದುಕೊಳ್ಳುವುದು ನನ್ನ ರೂಢಿ. ಕೆಲವು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ ‘ಉ’ ಎಂದು ಬರೆದಿರುತ್ತೇನೆ. ಉತ್ಸವದ ತಾರೀಖು ಗೊತ್ತಾದ ಕೂಡಲೇ ಇವರಿಗೆ ತಿಳಿಸಬೇಕು ಎಂಬುದು ಅದರ ಅರ್ಥ. ಕಳೆದ ವಾರ ಮಳೆ ಹಿಡಿದು ಪಾರ್ಟಿ ಇಲ್ಲದೆ ಮಂಟಪದಲ್ಲಿ ಕೂತಿದ್ದಾಗ ಎಣಿಸಿದೆ. ನಲವತ್ತೊಂದು ‘ಉ’ಗಳು. ಧಾರವಾಡದ ಒಬ್ಬ ನಿವೃತ್ತ ಮೇಷ್ಟ್ರು, ಮಸ್ಕತ್‌ನಲ್ಲಿ ಕೆಲಸ ಮಾಡುವ ಹಗರಿಬೊಮ್ಮನಹಳ್ಳಿಯ ಒಬ್ಬ ಎಂಜಿನಿಯರ್, ಪುಣೆಯ ನಾಲ್ವರು ಗೆಳತಿಯರು. ಕೆಲವರ ‘ಉ’ ಎಷ್ಟು ಹಳೆಯದೆಂದರೆ ಶಾಯಿ ಮಾಸಿ ಕಂದು ಬಣ್ಣಕ್ಕೆ ತಿರುಗಿದೆ.

ರಾಜಕಾರಣಿ ಎಂ.ಪಿ. ಪ್ರಕಾಶ್ ಅವರು 1980ರ ದಶಕದಲ್ಲಿ, ಸಚಿವರಾಗಿದ್ದಾಗ, ಈ ಉತ್ಸವವನ್ನು ಕಟ್ಟಿದರು. ಹಡಗಲಿಯವರು, ನಾಟಕದ ಹುಚ್ಚಿನವರು. ಪರದೆ ಏಳುವ ಹೊತ್ತು ಮೊದಲೇ ಗೊತ್ತಿರಬೇಕು ಎಂಬುದು ನಾಟಕದವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಬಹುಕಾಲ ನಮ್ಮ ಕಡೆಯ ಜನರ ಬಾಯಲ್ಲಿ ನವೆಂಬರ್ 3, 4, 5 ಎಂದರೆ ಹಂಪಿ ಉತ್ಸವ ಎಂದೇ ಇತ್ತು. ಒಂದನೇ ತಾರೀಖು ರಾಜ್ಯೋತ್ಸವ, ಮೂರಕ್ಕೆ ಹಂಪಿ. ಆಗಲೂ ನಡುನಡುವೆ ದಿನ ತಪ್ಪಿದ್ದುಂಟು, ಇಲ್ಲವೆನ್ನುವುದಿಲ್ಲ. ಆದರೆ ತಪ್ಪಿದಾಗ ತಪ್ಪಿತು ಎಂದು ಹೇಳಲು ಒಂದು ಗೊತ್ತಾದ ದಿನ ಇತ್ತು. ಈಗ ಅದೂ ಇಲ್ಲ.

2017ರಲ್ಲಿ ನವೆಂಬರ್ 3ರಿಂದ 5ರವರೆಗೆ ಸರಿಯಾಗಿಯೇ ನಡೆಯಿತು. ಅದರ ಮುಂದಿನದನ್ನು ಕೇಳಿ. 2018ರಲ್ಲಿ ಬರಗಾಲ, ಉತ್ಸವ ಬೇಡ ಎಂದರು. ಜನ ಬೀದಿಗಿಳಿದ ಮೇಲೆ 2019ರ ಮಾರ್ಚ್ 2 ಮತ್ತು 3ರಂದು ಎರಡು ದಿನಕ್ಕೆ ಮುಗಿಸಿದರು. ಆಮೇಲಿನದು 2020ರ ಜನವರಿ 10, 11. ಅದೇ ವರ್ಷ ಕೋವಿಡ್ ನಡುವೆ ನವೆಂಬರ್ 13ರಂದು ಒಂದೇ ದಿನ. ಮುಂದೆ 2023ರ ಜನವರಿ ಕೊನೆಯಲ್ಲಿ, 2024ರ ಫೆಬ್ರುವರಿ ಮೊದಲಲ್ಲಿ, 2025ರಲ್ಲಿ ಫೆಬ್ರುವರಿ 28ರಿಂದ ಮಾರ್ಚ್ 2ರವರೆಗೆ. ಲಾಟರಿ ಟಿಕೆಟ್ ನಂಬರ್ ಓದಿದ ಹಾಗೆ ಕೇಳಿಸುತ್ತದೆ. ನಾನು ಇವನ್ನು ಬಾಯಿಪಾಠ ಮಾಡಿದ್ದೇನೆ, ಸಂಗಮ ವಂಶದ ಅರಸರ ಹೆಸರುಗಳನ್ನು ಮಾಡಿದ ಹಾಗೆ. ಅರಸರ ಪಟ್ಟಿಯಲ್ಲಾದರೂ ಒಂದು ಕ್ರಮ ಇದೆ.

2018ರ ನವೆಂಬರ್ 3 ನನಗೆ ಚೆನ್ನಾಗಿ ನೆನಪಿದೆ. ಅಂದು ಬಳ್ಳಾರಿ ಲೋಕಸಭಾ ಕ್ಷೇತ್ರದ ಉಪಚುನಾವಣೆ. ಬೆಳಗ್ಗೆ ಮತ ಹಾಕಿ ಹಂಪಿಗೆ ಬಂದೆ. ಹತ್ತು ಗಂಟೆ ಹೊತ್ತಿಗೆ ಅರವತ್ತು ದಾಟಿದ ಒಬ್ಬ ವಿದೇಶಿ, ಹೆಂಡತಿಯೊಂದಿಗೆ ನನ್ನ ಬಳಿ ಬಂದು ಒಂದು ಹಳೆಯ ಪ್ರವಾಸ ಕೈಪಿಡಿ ತೆರೆದು ತೋರಿಸಿದ. ಹಂಪಿಯ ಪುಟದಲ್ಲಿ ನವೆಂಬರ್ 3ರಿಂದ 5 ಎಂದು ಅಚ್ಚಾಗಿತ್ತು, ಅದರ ಕೆಳಗೆ ಪೆನ್ಸಿಲ್ ಗೆರೆ. ಎಲ್ಲಿ, ಎಷ್ಟು ಹೊತ್ತಿಗೆ ಶುರು ಎಂದು ಕೇಳಿದ. ಈ ವರ್ಷ ಇಲ್ಲ ಎಂದೆ. ನನ್ನ ಇಂಗ್ಲಿಷ್ ಅವನಿಗೆ ಅರ್ಥವಾಗಲಿಲ್ಲ ಎಂದುಕೊಂಡು ಮತ್ತೆ ಕೇಳಿದ. ಮತ್ತೆ ಇಲ್ಲ ಎಂದೆ. ಆಗ ಅವನ ಹೆಂಡತಿ ನನ್ನ ಬೆರಳಿನ ಮಸಿ ಕಂಡು, ಇದು ಹಬ್ಬಕ್ಕೆ ಹಚ್ಚಿಕೊಳ್ಳುವ ಬಣ್ಣವೇ ಎಂದಳು. ಏನು ಹೇಳಲಿ? ನಮ್ಮಲ್ಲಿ ಇದೂ ಒಂದು ಹಬ್ಬವೇ ಎಂದೆ. ಇಬ್ಬರೂ ನಕ್ಕರು. ಆಮೇಲೆ, ಉತ್ಸವ ಇಲ್ಲದಿದ್ದರೆ ಬೇಡ, ನಡೆಯುವ ಜಾಗವನ್ನಾದರೂ ತೋರಿಸು ಎಂದರು. ಗಾಯತ್ರಿ ಪೀಠದ ಮೈದಾನಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕುರಿ ಮೇಯುತ್ತಿದ್ದವು. ಆತ ಕುರಿಗಳ ಒಂದು ಫೋಟೊ ತೆಗೆದುಕೊಂಡ. ಆ ದಿನ ನಾನು ಹಣ ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳುವ ಮನಸ್ಸಾಗಲಿಲ್ಲ.

ಬರಗಾಲದಲ್ಲಿ ಉತ್ಸವ ಬೇಡ ಎನ್ನುವ ಮಾತಿನಲ್ಲಿ ನ್ಯಾಯವಿಲ್ಲ ಎಂದು ನಾನು ಹೇಳುತ್ತಿಲ್ಲ. ನಾನೂ ಎರಡೆಕರೆ ಒಣಭೂಮಿ ಉಳ್ಳವನು. ಆದರೆ ಬರ ಬಂದರೆ ಮೈಸೂರು ದಸರಾವನ್ನು ಸರಳ ಮಾಡುತ್ತೀರಿ, ಮಾರ್ಚ್‌ಗೆ ಎತ್ತಿಹಾಕುವುದಿಲ್ಲ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಜಂಬೂ ಸವಾರಿಯನ್ನು ಅರಮನೆಯ ಆವರಣದೊಳಗೇ ಮಾಡಿದಿರಿ, ಆದರೆ ವಿಜಯದಶಮಿ ತಪ್ಪಿಸಲಿಲ್ಲ. ಅಲ್ಲಿ ದಿನ ಕಾಯುವುದು ಪಂಚಾಂಗ. ನಮ್ಮ ಉತ್ಸವಕ್ಕೆ ಪಂಚಾಂಗ ಇಲ್ಲ. ಇಲ್ಲಿ ದಿನ ಕಾಯಬೇಕಾದವರು ತಾವು.

ಕೋಪ ಮಾಡಿಕೊಳ್ಳಬೇಡಿ, ಇನ್ನೊಂದು ಮಾತು. ನಮ್ಮ ಸುತ್ತಲಿನ ಯಾವ ಜಾತ್ರೆಗೂ ಜನ ದಿನಾಂಕ ಕೇಳಿದ್ದನ್ನು ನಾನು ಕಂಡಿಲ್ಲ. ಕೊಪ್ಪಳದ ಗವಿಮಠದ ತೇರು ಪುಷ್ಯ ಬಹುಳ ಬಿದಿಗೆಗೆ ಎಳೆಯುತ್ತಾರೆ. ಲಕ್ಷಗಟ್ಟಲೆ ಜನ ಸೇರುತ್ತಾರೆ. ರೊಟ್ಟಿ ಬಡಿಯುವ ಹೆಂಗಸರಿಗೆ ಯಾವ ವಾರ ಹಿಟ್ಟು ಬೀಸಿಸಬೇಕೆಂದು ಯಾರೂ ಸುತ್ತೋಲೆ ಕಳಿಸುವುದಿಲ್ಲ. ಮೈಲಾರದ ಕಾರ್ಣಿಕಕ್ಕೆ ಭರತ ಹುಣ್ಣಿಮೆಯ ಲೆಕ್ಕ. ವಿರೂಪಾಕ್ಷನ ತೇರು ಚೈತ್ರದಲ್ಲಿ, ನಿಶ್ಚಿತಾರ್ಥದ ಫಲಪೂಜೆ ಡಿಸೆಂಬರ್ ಹೊತ್ತಿಗೆ. ಅದೇ ವಿರೂಪಾಕ್ಷನ ಮನೆಯಂಗಳದಲ್ಲಿ ನಡೆಯುವ ಸರ್ಕಾರಿ ಉತ್ಸವಕ್ಕೆ ಮಾತ್ರ ನಾವು ಟಿ.ವಿ. ಮುಂದೆ ಕೂತು ಸಭೆ ಮುಗಿಯುವುದನ್ನು ಕಾಯಬೇಕು.

ಮಹಾನವಮಿ ದಿಬ್ಬದ ಮುಂದೆ ನಿಂತಾಗ ಪಾರ್ಟಿಯವರಿಗೆ ನಾನು ಯಾವಾಗಲೂ ಇಬ್ಬರ ಕಥೆ ಹೇಳುತ್ತೇನೆ. ಒಬ್ಬ ಹೆರಾತಿನ ರಾಯಭಾರಿ ಅಬ್ದುರ್ ರಜಾಕ್, 1443ರಲ್ಲಿ ಇಲ್ಲಿಗೆ ಬಂದವನು. ಇನ್ನೊಬ್ಬ ಪೋರ್ಚುಗೀಸ್ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ಬಂದವನು. ಇಬ್ಬರೂ ಮಹಾನವಮಿ ನೋಡಿದರು, ಇಬ್ಬರೂ ಬರೆದಿಟ್ಟರು. ಅವರು ಬರೆಯದೇ ಹೋಗಿದ್ದರೆ ಇಂದು ನನಗೆ ಆ ದಿಬ್ಬದ ಮುಂದೆ ಹೇಳಲು ಅರ್ಧ ಕಥೆಯೂ ಇರುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಅವರಿಬ್ಬರೂ ಹಂಪಿಯ ಉತ್ಸವ ಕಂಡ ಹಳೆಯ ಪ್ರವಾಸಿಗರು. ಆಶ್ವಯುಜದಲ್ಲಿ ರಾಜಧಾನಿಯಲ್ಲಿದ್ದವರಿಗೆ ಮಹಾನವಮಿ ಸಿಗುತ್ತಿತ್ತು, ಅಷ್ಟೇ. ಸಾಮಂತರು ಎಲ್ಲೆಲ್ಲಿಂದಲೋ ಆನೆ, ಕುದುರೆ, ಕಪ್ಪಕಾಣಿಕೆ ಹೊತ್ತು ವಾರಗಟ್ಟಲೆ ನಡೆದು ಬರಬೇಕಿತ್ತು. ದಿನ ತಿಳಿಯದೆ ಅವರು ಹೊರಡುವುದಾದರೂ ಹೇಗೆ?

ಇಂದಿನ ಪ್ರವಾಸಿಗನೂ ಹಾಗೆಯೇ, ನಡೆದುಕೊಂಡು ಬರುವುದಿಲ್ಲ ಎನ್ನುವುದೊಂದೇ ವ್ಯತ್ಯಾಸ. ಬೆಂಗಳೂರಿನಿಂದ ಹೊಸಪೇಟೆಗೆ ಸುಮಾರು 340 ಕಿಲೋಮೀಟರ್. ಹೆಚ್ಚಿನವರು ಬರುವುದು ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. 2024ರ ಅಕ್ಟೋಬರ್ ಮುಗಿಯುವವರೆಗೆ 120 ದಿನ ಇತ್ತು. ಶುಕ್ರವಾರ ರಾತ್ರಿಯ ಬರ್ತ್‌ಗಳು ತೆರೆದ ಕೆಲವೇ ದಿನಗಳಲ್ಲಿ ಖಾಲಿ. ಉತ್ಸವ ಇರಲಿ ಇಲ್ಲದಿರಲಿ, ವಾರಾಂತ್ಯಕ್ಕೆ ಊರಿಗೆ ಹೋಗುವ ನಮ್ಮ ಕಡೆಯ ಹುಡುಗರೇ ಅವನ್ನು ಹಿಡಿದಿರುತ್ತಾರೆ. ದಿನಾಂಕ ತಿಂಗಳೊಪ್ಪತ್ತು ಮುಂಚೆ ಗೊತ್ತಾದರೆ ಸಿಗುವುದು ವೇಟಿಂಗ್ ಲಿಸ್ಟ್. ಧಾರವಾಡದ ಮೇಷ್ಟ್ರಿಗೆ ಬಸ್ಸಾದರೂ ಉಂಟು. ಮಸ್ಕತ್‌ನವನ ಕಷ್ಟ ಬೇರೆ. ಅವನು ವರ್ಷದ ರಜೆಯನ್ನು ಆರು ತಿಂಗಳ ಮೊದಲೇ ಬರೆದುಕೊಡಬೇಕು, ಮಕ್ಕಳ ಶಾಲೆಯ ರಜೆಗೆ ಹೊಂದಿಸಬೇಕು, ವಿಮಾನದ ಟಿಕೆಟ್ ಅಗ್ಗವಿದ್ದಾಗ ಕೊಳ್ಳಬೇಕು. ಮೂರು ವರ್ಷಗಳಿಂದ ನನಗೆ ಫೋನ್ ಮಾಡಿ ಒಂದೇ ಮಾತು ಕೇಳುತ್ತಾನೆ, “ಅಂದಾಜು ಹೇಳಿ ಸಾಕು.” ಅಂದಾಜು ಹೇಳಿ ತಪ್ಪಾದರೆ ಬೈಗುಳ ನನಗೆ. ಒಂದು ವರ್ಷ ನವೆಂಬರ್ ಎಂದು ನಂಬಿ ಬಂದ. ಮಕ್ಕಳಿಗೆ ಖಾಲಿ ಬಜಾರು ತೋರಿಸಿ, ಕಮಲಾಪುರದಲ್ಲಿ ಮಿರ್ಚಿ ತಿನ್ನಿಸಿ ಕಳಿಸಿದೆ.

ಆಗ ನಾನೇ ಒಂದು ಕಚೇರಿಗೆ ಫೋನ್ ಮಾಡಿ ಕೇಳಿದ್ದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ, ಅಲ್ಲಿಯ ಗುಮಾಸ್ತರ ತಪ್ಪೇನೂ ಇಲ್ಲ. “ನಮಗೂ ಪೇಪರ್‌ನಲ್ಲಿ ಬಂದ ಮೇಲೆಯೇ ಗೊತ್ತಾಗುವುದು ಸರ್” ಎಂದರು. ಪಾಪ, ಅವರ ದನಿಯಲ್ಲಿ ನನ್ನದೇ ದನಿ ಕೇಳಿಸಿತು.

ಇನ್ನು ಕಾಲದ ಮಾತು. ಫೆಬ್ರುವರಿ ಕೊನೆ, ಮಾರ್ಚ್ ಮೊದಲೆಂದರೆ ಹಂಪಿಯ ಬಂಡೆಗಳು ಕಾಯಲು ಶುರುವಾಗಿರುತ್ತವೆ. ಬೆಂಗಳೂರಿನಲ್ಲಿ ಕೂತು ದಿನಾಂಕ ಹಾಕುವವರಿಗೆ ಇದು ತಿಳಿಯುವುದಿಲ್ಲ. ಹಗಲಿನ ಬಿಸಿಲನ್ನು ಕಲ್ಲು ಹೊಟ್ಟೆಗೆ ಹಾಕಿಕೊಂಡು ರಾತ್ರಿ ಒಂಬತ್ತರವರೆಗೂ ಬಿಡುತ್ತಾ ಇರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಬರಿಗಾಲಿನಲ್ಲಿ ನಿಂತು ನೋಡಿ, ನಾನು ಹೇಳುವುದೇ ಬೇಡ. ಸಂಜೆಯ ಕಾರ್ಯಕ್ರಮಕ್ಕೆ ಬಂದವರು ಹಗಲು ಏನು ಮಾಡಬೇಕು? ಸ್ಮಾರಕ ನೋಡಬೇಕು. ನವೆಂಬರ್, ಡಿಸೆಂಬರ್‌ನಲ್ಲಿ ನಾನು ಒಂದು ಪಾರ್ಟಿಯನ್ನು ಬೆಳಗಿನಿಂದ ಸಂಜೆಯವರೆಗೆ ನಡೆಸುತ್ತೇನೆ. ಮಾರ್ಚ್‌ನಲ್ಲಿ ಹನ್ನೊಂದು ಗಂಟೆಗೆ ನೆರಳಿನಲ್ಲಿ ಕೂರಿಸಿ ಕಲ್ಲಂಗಡಿ ಕೊಡಿಸುತ್ತೇನೆ, ನಾಲ್ಕಕ್ಕೆ ಮತ್ತೆ ಎಬ್ಬಿಸುತ್ತೇನೆ. ನವೆಂಬರ್‌ನಲ್ಲಿ ಕಾಲುವೆಯಲ್ಲಿ ನೀರು ಹರಿಯುತ್ತಿರುತ್ತದೆ, ಗದ್ದೆ ಬಾಳೆತೋಟಗಳ ಹಸಿರಿನ ನಡುವೆ ಬಂಡೆ ಕಾಣುತ್ತದೆ. ಆ ಹಸಿರು ನೋಡಿದ ಕಣ್ಣಿಗೆ ಮಾರ್ಚ್‌ನ ಹಂಪಿ ಬೇರೆ ಊರು.

ಸಾಲದೆಂಬಂತೆ ಪರೀಕ್ಷೆ. 2025ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಆರಂಭವಾದದ್ದು ಮಾರ್ಚ್ 1ರಂದು. ಅಂದೇ ಉತ್ಸವದ ಎರಡನೇ ದಿನ. 2019ರಲ್ಲೂ ಇದೇ ಕಥೆ, ಮಾರ್ಚ್ 1ಕ್ಕೆ ಪರೀಕ್ಷೆ, 2ಕ್ಕೆ ಉತ್ಸವ. ಪಿಯುಸಿ ಓದುವ ಮಗು ಇರುವ ಮನೆಯಲ್ಲಿ ಆ ತಿಂಗಳು ಟಿ.ವಿ.ಗೂ ಬಟ್ಟೆ ಹೊದಿಸಿರುತ್ತಾರೆ. ಅವರು ಹಂಪಿಗೆ ಬರುತ್ತಾರೆಯೇ? ನನ್ನ ಪಕ್ಕದ ಮನೆಯ ಹುಡುಗಿ ಧ್ವನಿವರ್ಧಕ ಕೇಳಿಸಬಾರದೆಂದು ಕಿವಿಗೆ ಹತ್ತಿ ತುರುಕಿಕೊಂಡು ಓದುತ್ತಿದ್ದಳು. ಎರಡು ಇಲಾಖೆಗಳು ಒಂದೇ ಸರ್ಕಾರದವು. ಗೋಡೆಯ ಕ್ಯಾಲೆಂಡರ್ ಒಂದನ್ನೇ ತೂಗುಹಾಕಿಕೊಂಡರೆ ಆಗದೇ?

ದಿನಾಂಕದ ಮಾತು ಇಷ್ಟಾದರೆ ಗಂಟೆಯದು ಇನ್ನೊಂದು. ಇಲ್ಲಿ ಹಂಪಿಯೊಂದನ್ನೇ ಬೆರಳು ಮಾಡಿ ತೋರಿಸಲಾರೆ. ಸರ್ಕಾರಿ ಉತ್ಸವಗಳೆಲ್ಲ ಒಂದೇ ಅಚ್ಚಿನವು, ಪಾರ್ಟಿಗಳೊಂದಿಗೆ ನಾನು ಹಲವಕ್ಕೆ ಹೋಗಿದ್ದೇನೆ. ಒಂದು ಊರಿನ ಉತ್ಸವದಲ್ಲಿ, ಊರಿನ ಹೆಸರು ಬೇಡ, ತೊಗಲುಗೊಂಬೆಯಾಟಕ್ಕೆ ಸಂಜೆ ನಾಲ್ಕರ ಸಮಯ ಕೊಟ್ಟಿದ್ದರು. ತೊಗಲುಗೊಂಬೆ ಕಾಣುವುದು ಪರದೆಯ ಹಿಂದೆ ದೀಪವಿಟ್ಟು ಮುಂದೆ ಕತ್ತಲಿದ್ದಾಗ. ನಾಲ್ಕು ಗಂಟೆಯ ಬಿಸಿಲಿನಲ್ಲಿ ರಾಮನೂ ಇಲ್ಲ, ರಾವಣನೂ ಇಲ್ಲ, ಬಿಳಿ ಪರದೆ ಮಾತ್ರ. ಮೇಳದ ಹಿರಿಯರು ಒಂದು ತಾಸು ಸುಮ್ಮನೆ ಹಾಡು ಹೇಳಿದರು. ಮುಂದಿನ ಸಾಲಿನಲ್ಲಿ ನಾನು, ನನ್ನ ಪುಣೆಯ ಪಾರ್ಟಿಯ ನಾಲ್ವರು, ಒಂದು ನಾಯಿ. ಕತ್ತಲಾದ ಮೇಲೆ ಇದೇ ವೇದಿಕೆಯಲ್ಲಿ ಏನಿದೆ ಎಂದು ಆ ಹೆಣ್ಣುಮಕ್ಕಳು ಕೇಳಿದರು. ಸಭಾ ಕಾರ್ಯಕ್ರಮ ಎಂದೆ. ಅವರಲ್ಲಿ ಒಬ್ಬಳಿಗೆ ಸ್ವಲ್ಪ ಕನ್ನಡ ಬರುತ್ತಿತ್ತು, ಹಾಗೆಂದರೇನು ಎಂದಳು. ಭಾಷಣ ಎಂದು ಅನುವಾದಿಸಿದೆ.

ಇನ್ನೊಂದು ಊರಿನಲ್ಲಿ ಹೆಸರಾಂತ ಗಾಯಕರ ಕಾರ್ಯಕ್ರಮಕ್ಕೆ ಆಹ್ವಾನ ಪತ್ರಿಕೆಯಲ್ಲಿ ರಾತ್ರಿ 8 ಎಂದು ಹಾಕಿದ್ದರು. ದಾವಣಗೆರೆಯ ಒಂದು ಕುಟುಂಬ ನನ್ನ ಜೊತೆಗಿತ್ತು. ಅಜ್ಜಿಗೆ ಆ ಗಾಯಕರೆಂದರೆ ಪ್ರಾಣ. ಎಂಟಾಯಿತು, ಸನ್ಮಾನ ನಡೆಯುತ್ತಿತ್ತು. ಒಂಬತ್ತೂವರೆ ಆಯಿತು, ಸನ್ಮಾನಿತರ ಪರವಾಗಿ ಒಬ್ಬರು ಮಾತನಾಡುತ್ತಿದ್ದರು. ಹತ್ತೂ ಕಾಲಿಗೆ ಕೊನೆಯ ಬಸ್ ಎಂದು ಕಂಡಕ್ಟರ್ ಮೊದಲೇ ಹೇಳಿದ್ದ. ಎದ್ದೆವು. ಬಸ್ ನಿಲ್ದಾಣದ ಕಡೆ ಅರ್ಧ ದಾರಿ ನಡೆದಿದ್ದೆವು, ಹಿಂದಿನಿಂದ ಆ ದನಿ ಎದ್ದಿತು. ಹಾಡು ಗುಡ್ಡಕ್ಕೆ ಬಡಿದು ಎರಡೆರಡು ಸಲ ಕೇಳಿಸುತ್ತಿತ್ತು. ಅಜ್ಜಿ ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತುಬಿಟ್ಟರು, ಏಳಲಿಲ್ಲ. ಬಸ್ ಹೋಯಿತು. ಆಮೇಲೆ ಆಟೊದವನಿಗೆ ಎಷ್ಟು ಕೊಟ್ಟರು ಎಂದು ಹೇಳಿದರೆ ಆಟೊದವರು ನನ್ನ ಮೇಲೆ ಬೀಳುತ್ತಾರೆ.

ಭಾಷಣಗಳೇ ಬೇಡ ಎನ್ನುವಷ್ಟು ದಡ್ಡ ನಾನಲ್ಲ. ಹಣ ಕೊಡುವವರು ಮಾತನಾಡಬೇಕು, ಅದು ಲೋಕರೂಢಿ. ಕೇಳುವುದಿಷ್ಟೇ: ಪತ್ರಿಕೆಯಲ್ಲಿ ಎಂಟು ಎಂದರೆ ಎಂಟು ಇರಲಿ, ಇಲ್ಲವೇ ಹತ್ತೂವರೆ ಎಂದೇ ಅಚ್ಚು ಹಾಕಿಸಿ. ಹತ್ತೂವರೆ ಎಂದಿದ್ದರೆ ದಾವಣಗೆರೆಯವರು ಅಂದು ರಾತ್ರಿ ಅಲ್ಲಿಯೇ ರೂಮ್ ಮಾಡುತ್ತಿದ್ದರು. ಪ್ರವಾಸಿಗ ತಡವನ್ನು ಸಹಿಸುತ್ತಾನೆ, ಲೆಕ್ಕ ತಪ್ಪುವುದನ್ನು ಸಹಿಸುವುದಿಲ್ಲ. ನಾಲ್ಕು ವೇದಿಕೆಗಳಲ್ಲಿ ಒಟ್ಟಿಗೆ ಕಾರ್ಯಕ್ರಮ ನಡೆಯುವಾಗ ಎದುರು ಬಸವಣ್ಣನಿಂದ ಗಾಯತ್ರಿ ಪೀಠಕ್ಕೆ, ಅಲ್ಲಿಂದ ಗಜಶಾಲೆಯ ಧ್ವನಿ-ಬೆಳಕಿಗೆ ಓಡುವವನಿಗೆ ಪಟ್ಟಿಯೇ ದಿಕ್ಕು. ಆ ಪಟ್ಟಿ ಎರಡು ದಿನ ಮುಂಚೆ ಕೈಗೆ ಬಂದರೆ ಅವನಿಗೂ ಉಪಯೋಗವಿಲ್ಲ, ನನಗೂ ಇಲ್ಲ. ವಿಚಾರಸಂಕಿರಣ ಮುಗಿದ ಮೇಲೆ ಅಧ್ಯಕ್ಷರ ಹೆಸರು ತಿಳಿದ ಹಾಗೆ.

ತಮ್ಮ ಕಷ್ಟ ನನಗೆ ಅರ್ಥವಾಗುವುದಿಲ್ಲವೆಂದಲ್ಲ. ನವೆಂಬರ್ 3 ಕೆಲವು ವರ್ಷ ದೀಪಾವಳಿಯ ನಡುವೆ ಬೀಳುತ್ತದೆ. 2021ರಲ್ಲಿ ದೀಪಾವಳಿ ಅಮಾವಾಸ್ಯೆ ನವೆಂಬರ್ 4ಕ್ಕೆ ಇತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಶಾಮಿಯಾನ ತೊಯ್ಯುತ್ತದೆ. ವಾರದ ನಡುವೆ ಬಂದರೆ ನೌಕರಿಯವರಿಗೆ ರಜೆ ಇಲ್ಲ. 2026ರಲ್ಲಿ ನವೆಂಬರ್ 3 ಮಂಗಳವಾರ. ಈ ಲೆಕ್ಕಗಳನ್ನೆಲ್ಲ ನಾನೂ ಹಾಕಿದ್ದೇನೆ. ಹೊಸಪೇಟೆಯ ಹಿರಿಯರು ಕೆಲವರು ನವೆಂಬರ್ 3 ಎಂದರೆ 3, ಅದು ನಮ್ಮ ಹಕ್ಕು ಎನ್ನುತ್ತಾರೆ. ಮನಸ್ಸಿನಲ್ಲಿ ನಾನೂ ಅವರ ಕಡೆ. ಹಳೆಯ ಪುಸ್ತಕಗಳಲ್ಲಿ, ಕೈಪಿಡಿಗಳಲ್ಲಿ ಅಚ್ಚಾಗಿರುವುದು ಅದೇ. ಅಷ್ಟು ವರ್ಷ ಬೆಳೆದ ಗುರುತನ್ನು ಒಂದು ಸಭೆಯಲ್ಲಿ ಕಳೆಯಬಹುದು, ಮತ್ತೆ ಗಳಿಸಲು ಇನ್ನಷ್ಟು ವರ್ಷ ಬೇಕು.

ಆದರೆ ಹಟಕ್ಕೆ ಬೀಳುವುದಿಲ್ಲ. ನವೆಂಬರ್ ಆಗದಿದ್ದರೆ ಜನವರಿಯ ಎರಡನೇ ಶನಿವಾರ, ಅದರ ಹಿಂದಿನ ಶುಕ್ರವಾರ, ಮುಂದಿನ ಭಾನುವಾರ ಎಂದು ಗೊತ್ತುಮಾಡಿ. ಎರಡನೇ ಶನಿವಾರ ಹೇಗೂ ಸರ್ಕಾರಿ ರಜೆ, ಸಂಕ್ರಾಂತಿ ಅಕ್ಕಪಕ್ಕ, ಹವೆ ತಣ್ಣಗೆ, ಪರೀಕ್ಷೆ ದೂರ. ಒಂದು ಆದೇಶ ಹೊರಡಿಸಿ, ಐದು ವರ್ಷದ ತಾರೀಖು ಒಟ್ಟಿಗೆ ಹಾಕಿ. ಬರ ಬಂದರೆ ಚಿಕ್ಕದಾಗಿ ಮಾಡಿ. ಚುನಾವಣೆ ಬಂದರೆ ವೇದಿಕೆಯ ಮೇಲೆ ಮಂತ್ರಿಗಳು ಬೇಡ, ಕಲಾವಿದರು ಇರಲಿ. ಬೆಂಗಳೂರಿನಿಂದ ದೊಡ್ಡ ಗಾಯಕರು ಬರದಿದ್ದರೂ ನಡೆಯುತ್ತದೆ. ಬಂದ ಪ್ರವಾಸಿಗರಿಗೆ ಎದುರು ಬಸವಣ್ಣನ ಮುಂದೆ ಒಂದು ಡೊಳ್ಳು, ಒಂದು ಹಗಲುವೇಷ, ಕತ್ತಲಾದ ಮೇಲೆ ಒಂದು ತೊಗಲುಗೊಂಬೆ ಸಿಕ್ಕರೆ ಅವರು ನನಗೆ ಬೈಯುವುದಿಲ್ಲ.

ಈ ಪತ್ರಕ್ಕೆ ಉತ್ತರ ಬರೆಯಬೇಕೆಂದೇನೂ ಇಲ್ಲ. ತಾರೀಖು ಪ್ರಕಟಿಸಿದರೆ ಅದೇ ಉತ್ತರ. ನನ್ನ ನೋಟ್‌ಬುಕ್ಕಿನ ನಲವತ್ತೊಂದು ಮಂದಿಗೆ ಫೋನ್ ಮಾಡುವ ಖರ್ಚು ನನ್ನದೇ.

ಇಂತಿ,
ಕಮಲಾಪುರದ ಒಬ್ಬ ಗೈಡ್

ತಾ.ಕ.: ಪತ್ರ ಮುಗಿಸಿ ಮಡಚುವಾಗ ಮಸ್ಕತ್‌ನಿಂದ ಫೋನ್ ಬಂತು. ಮುಂದಿನ ತಿಂಗಳು ರಜೆಯ ಅರ್ಜಿ ಕೊಡಬೇಕಂತೆ. ಇನ್ನೆರಡು ವಾರ ತಡೆದು ನೋಡೋಣ ಎಂದಿದ್ದೇನೆ.